ಕಾಜಕ್ಕ ಶನಿಯನ್ನು ಕಂಡದ್ದು

ಪೋಸ್ಟಿನವನೊಬ್ಬನನ್ನು ಬಿಟ್ಟರೆ ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಕಾಜಕ್ಕ. ಕಾಜ ಎಂದರೆ ಗುಂಡಿ ತೂರಿಸಲು ಬಟ್ಟೆಯಲ್ಲಿ ಮಾಡುವ ಕಂಡಿ. ಅಂಗಿಯ ಕಾಜವನ್ನು ಮಿಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲಿದು ಬಿಸಾಡುತ್ತದೆ. ಒಳ್ಳೆಯ ಕೋಟಿನ ಕಾಜಕ್ಕೆ ಮಾತ್ರ ಕೈಯೇ ಆಗಬೇಕು. ಮೂವತ್ತೊಂದು ವರ್ಷದಿಂದ ಒಂದೇ ಹೊಲಿಗೆ ಅಂಗಡಿಯ ಒಂದೇ ಮೂಲೆಯಲ್ಲಿ ಕೂತು ಅವಳು ಅದನ್ನೇ ಮಾಡಿಕೊಂಡು ಬಂದಿದ್ದಳು. "ಕಾಜಕ್ಕನ ಕಾಜ ಅಂದ್ರೆ ಕೋಟು ಹರಿದು ಹೋದ್ರೂ ಕಾಜ ಉಳಿಯುತ್ತೆ, ಅದನ್ನೇ ಹಾಕ್ಕೊಂಡು ಓಡಾಡಬಹುದು" ಎಂದು ಕತ್ತರಿಸುವ ಮೇಸ್ತ್ರಿ ನಗಾಡುತ್ತಿದ್ದ.

ಆ ಶನಿವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕಾಜಕ್ಕ ತನ್ನ ಕತ್ತರಿಯನ್ನು ಗೋಡೆಯ ಮೊಳೆಯಿಂದ ತೆಗೆದಳು. ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಚಿಪ್ಪನ್ನೂ ತೆಗೆದುಕೊಂಡಳು. ಎರಡನ್ನೂ ದಾರದ ರೀಲುಗಳಿದ್ದ ಕೈಚೀಲಕ್ಕೆ ಹಾಕಿ, ಮೇಲೆ ಕರವಸ್ತ್ರ ಮುಚ್ಚಿ, ಯಾರಿಗೂ ಏನೂ ಹೇಳದೆ ಮನೆಗೆ ಹೊರಟಳು. ಸೋಮವಾರ ಬೆಳಿಗ್ಗೆ ಹೋಗಿ ಯಜಮಾನನಿಗೆ "ನನ್ನಿಂದ ಇನ್ನಾಗಲ್ಲಪ್ಪ" ಎಂದು ಹೇಳಿಬಿಡುವುದೆಂದು ಅವಳು ತೀರ್ಮಾನ ಮಾಡಿಯಾಗಿತ್ತು. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಬಂದರೆ ಮರ್ಯಾದೆ.

ಆದದ್ದು ಇಷ್ಟು. ಎರಡು ತಿಂಗಳಲ್ಲಿ ಮೂರು ಕೋಟು ವಾಪಸ್ಸು ಬಂದಿದ್ದವು. ಮೂರೂ ಕಡುನೀಲಿ ಬಟ್ಟೆಯವು. ಮೂರರಲ್ಲೂ ಕಾಜಕ್ಕ ಕಪ್ಪು ದಾರದಲ್ಲಿ ಕಾಜ ಹೊಲಿದಿದ್ದಳು. ಅಂಗಡಿಯಲ್ಲಿ ತೊಟ್ಟು, ಕನ್ನಡಿಯ ಮುಂದೆ ತಿರುಗಿ ನೋಡಿ, ತಲೆದೂಗಿ ಹೋದ ಗಿರಾಕಿಗಳೇ ಮಾರನೆಯ ದಿನ ಮುಖ ಗಂಟು ಹಾಕಿಕೊಂಡು ಬಂದಿದ್ದರು. ಮೂರನೆಯದು ಬಂದ ದಿನ ಯಜಮಾನ ಅವಳ ಮೂಲೆಗೆ ಬಂದು ನಿಂತ. ವಯಸ್ಸಿನಲ್ಲಿ ಅವನು ಚಿಕ್ಕವನು, ಅಂಗಡಿ ಕಟ್ಟಿದ ದೊಡ್ಡ ಯಜಮಾನನ ಮಗ. ಹೋದ ವರ್ಷ ತಂದೆ ತೀರಿಕೊಂಡ ಮೇಲೆ ಅಂಗಡಿ ಅವನ ಕೈಗೆ ಬಂದು, ಮೂರು ತಿಂಗಳ ಹಿಂದೆ ಅದಕ್ಕೆ ಹೊಸ ರೂಪ ಕೊಡಿಸಿದ್ದ. ಬೀದಿಯ ಕಡೆಗೆ ಅಡ್ಡಲಾಗಿ ದೊಡ್ಡ ಗಾಜಿನ ಕಪಾಟು, ಅದರೊಳಗೆ ಕೋಟು ತೊಟ್ಟ ತಲೆಯಿಲ್ಲದ ಬೊಂಬೆಗಳು, ಮೇಲೆಲ್ಲ ಜೇನುಬಣ್ಣದ ದೀಪಗಳು. ನೋಡಲು ಚೆನ್ನಾಗಿಯೇ ಇತ್ತು.

"ಕಾಜಕ್ಕ, ಬೇಜಾರು ಮಾಡ್ಕೋಬೇಡಿ" ಎಂದ. "ಇನ್ನೊಂದು ವಾಪಸ್ಸು ಬಂದ್ರೆ ನೀವು ಇಸ್ತ್ರಿ ಮೇಜಿಗೆ ಬಂದ್ಬಿಡಿ. ಅಲ್ಲಿ ಬಣ್ಣದ ಗೊಡವೆ ಇರಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆತ್ತಗೆ ಹೇಳಿದ್ದು ಎದೆಗೆ ನಾಟಿತು.

ಇಸ್ತ್ರಿ ಮೇಜಿನ ಭಯ ದೊಡ್ಡದಲ್ಲ. ಅದರ ಹಿಂದೆ ಇನ್ನೊಂದು ಭಯ ನಿಂತಿತ್ತು. ಕಾಜಕ್ಕನ ತಾಯಿಗೆ ಐವತ್ತೆಂಟನೆಯ ವಯಸ್ಸಿಗೆ ಕಣ್ಣು ಹೋಗಿತ್ತು. ಅದು ಶುರುವಾದದ್ದೂ ಬಣ್ಣದಿಂದಲೇ. ಕಂದು ಕಂಬಳಿಯನ್ನು ಹಸಿರು ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಅವಳು ಯಾರಿಗೂ ಹೇಳದೆ ಗೋಡೆಗೆ ಬೆರಳು ತಾಗಿಸಿಕೊಂಡು ನಡೆಯುವುದನ್ನು ಕಲಿತಳು. ಸೂಜಿಗೆ ದಾರವನ್ನು ನಾಲಿಗೆಯ ತುದಿಯಿಂದ ಪೋಣಿಸುವುದನ್ನು ಕಲಿತಳು. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದುಹೋಗಿತ್ತು. ಈಗ ಕಾಜಕ್ಕನಿಗೂ ಐವತ್ತೆಂಟು.

ದಿನಾ ರಾತ್ರಿ ಮನೆಯಲ್ಲಿ ಅವಳು ಎರಡು ರೀಲು ದಾರವನ್ನು, ಒಂದು ಕಪ್ಪು ಒಂದು ಕಡುನೀಲಿ, ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಹಿಡಿದು ನೋಡುತ್ತಿದ್ದಳು. ಎರಡೂ ಒಂದೇ. ಹಗಲು ಹೊತ್ತಿನಲ್ಲಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಹಗಲಲ್ಲೂ ಒಂದೇ ಥರ ಕಂಡುಬಿಟ್ಟರೆ? ಕಣ್ಣಿನ ಡಾಕ್ಟರ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಅಂಗಡಿಯ ದೀಪದ ಮೇಲೆ ಒಂದೆರಡು ಸಲ ಅನುಮಾನ ಬಂದದ್ದೂ ಉಂಟು. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನೆನಪಾಗಿ, ಆ ಅನುಮಾನವನ್ನು ಬಾಯಿಗೆ ಬರುವ ಮೊದಲೇ ನುಂಗಿಕೊಂಡಿದ್ದಳು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ನಾದಿನಿ. ಕಾಜಕ್ಕನ ಗಂಡ ಹೋದ ಮೇಲೆ "ನೀನೂ ಒಂಟಿ, ನಾನೂ ಒಂಟಿ, ಎರಡು ಒಲೆ ಯಾಕೆ ಅತ್ತಿಗೆ" ಎಂದು ಪೆಟ್ಟಿಗೆ ಸಮೇತ ಬಂದವಳು. ವಾಚನಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಅವಳದು. ಒಂದನ್ನೂ ಪೂರ್ತಿ ಓದಿದವಳಲ್ಲ, ಎಲ್ಲದರ ಬೆನ್ನು ಓದಿದವಳು. ಅದಕ್ಕೇ ಯಾವ ವಿಷಯ ಎತ್ತಿದರೂ ಎರಡು ಮಾತು ಆಡುತ್ತಿದ್ದಳು, ಮೂರನೆಯದಕ್ಕೆ ವಿಷಯ ಬದಲಿಸುತ್ತಿದ್ದಳು.

ಕಾಜಕ್ಕ ಚೀಲ ಇಳಿಸುವ ಮೊದಲೇ ನಾದಿನಿ ಒಂದು ಹಸಿರು ಚೀಟಿ ಹಿಡಿದು ಬಂದಳು. "ಅತ್ತಿಗೆ, ಕೂರಬೇಡ, ಹಾಗೇ ಹೊರಡು. ಪಾರ್ಕಲ್ಲಿ ನಕ್ಷತ್ರ ತೋರಿಸ್ತಾರಂತೆ. ದುಡ್ಡಿಲ್ಲ ಕಾಸಿಲ್ಲ, ಯಾರು ಬೇಕಾದ್ರೂ ಬರಬಹುದು."

"ನಕ್ಷತ್ರಕ್ಕೆ ಯಾರು ಕಾಸು ಕೇಳಿದ್ರು ಯಾವತ್ತು?"

"ದೊಡ್ಡ ದುರ್ಬೀನು ಇರುತ್ತಂತೆ. ಶನಿಗ್ರಹ ತೋರಿಸ್ತಾರಂತೆ, ಉಂಗುರದ ಸಮೇತ."

"ಶನಿ ಹೆಗಲೇರಿ ಕೂತು ಎರಡು ತಿಂಗಳಾಯ್ತು. ಇನ್ನು ಪಾರ್ಕಿಗೆ ಹೋಗಿ ಬೇರೆ ನೋಡಬೇಕಾ ಅವನನ್ನ?"

ನಾದಿನಿ ಬಿದ್ದು ಬಿದ್ದು ನಕ್ಕಳು. ಅತ್ತಿಗೆ ತಮಾಷೆ ಮಾಡುತ್ತಿದ್ದಾಳೆ ಎಂದೇ ಅವಳು ತಿಳಿದದ್ದು. ಚೀಲ ಇಳಿಸಿ ಕತ್ತರಿ ಹೊರಗೆ ಬಂದರೆ ನೂರೆಂಟು ಪ್ರಶ್ನೆ ಏಳುತ್ತದಲ್ಲ ಎಂದು ಕಾಜಕ್ಕ ಚೀಲವನ್ನು ಹೆಗಲಲ್ಲೇ ಬಿಟ್ಟುಕೊಂಡು ಹೊರಟಳು.

ಪಾರ್ಕಿನ ನಡುವೆ, ಮಕ್ಕಳ ಉಯ್ಯಾಲೆಯ ಆಚೆಗಿನ ಹುಲ್ಲಿನ ಮೇಲೆ, ಮೂವತ್ತು ನಲವತ್ತು ಜನ ಸೇರಿದ್ದರು. ಆ ಭಾಗದ ದೀಪಗಳನ್ನು ಮಾಲಿ ಆರಿಸಿದ್ದ. ನಕ್ಷತ್ರ ತೋರಿಸುವವನು ಬಸ್ಸು ನಿಲ್ದಾಣದ ಪಕ್ಕ ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಾಳಿನಷ್ಟು ಚಕ್ರಗಳನ್ನು ನೋಡುವವನು, ರಾತ್ರಿ ಅದೇ ಕಣ್ಣಲ್ಲಿ ಆಕಾಶ ನೋಡುತ್ತಾನೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವನ ದುರ್ಬೀನು ಮೂರು ಕಾಲಿನ ಮೇಲೆ ನಿಂತ ಬಿಳಿ ಕೊಳವೆ. ಕೈಯಲ್ಲೊಂದು ಟಾರ್ಚು, ಅದರ ಬಾಯಿಗೆ ಕೆಂಪು ಕಾಗದ ಕಟ್ಟಿದ್ದ.

"ಬಿಳಿ ಬೆಳಕು ಬಿದ್ರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಟ್ಟುಹೋಗುತ್ತೆ. ಅದಕ್ಕೇ ಕೆಂಪು" ಎಂದ. "ದಯವಿಟ್ಟು ಫೋನು ತೆಗೀಬೇಡಿ. ಇನ್ನೊಂದು ಮಾತು, ಕೊಳವೆ ಮುಟ್ಟಬೇಡಿ. ಕೈ ಹಿಂದೆ ಕಟ್ಕೊಳ್ಳಿ, ಬಗ್ಗಿ, ಒಂದು ಕಣ್ಣಿಟ್ಟು ನೋಡಿ. ಬೇಗ ಬೇಗ ನೋಡಿ, ಗ್ರಹ ನಿಮಗೋಸ್ಕರ ಕಾಯಲ್ಲ. ಆಗಾಗ ನಾನು ಬಂದು ಸರಿ ಮಾಡ್ತೀನಿ."

ಸಾಲು ಕಟ್ಟಿತು. ನಾದಿನಿ ಹೇಗೋ ನುಸುಳಿ ನಾಲ್ಕನೆಯವಳಾದಳು. ಕಾಜಕ್ಕ "ನೀವು ಹೋಗಿ, ನೀವು ಹೋಗಿ" ಎನ್ನುತ್ತ ಹಿಂದೆ ಹಿಂದೆ ಸರಿದು ಸಾಲಿನ ನಡುವಿಗೆ ಬಂದುಬಿಟ್ಟಳು. ಮೊದಲ ಮೂವರು "ಅಯ್ಯಯ್ಯೋ, ಉಂಗುರ! ನಿಜವಾಗ್ಲೂ ಉಂಗುರ!" ಎಂದು ಕೂಗಿದರು. ಅಷ್ಟರಲ್ಲಿ ಯಾರೋ ದೂರದಿಂದ ಒಂದು ಕೆಂಪು ನಕ್ಷತ್ರದ ಬಗ್ಗೆ ಕೇಳಿ, ಗಡಿಯಾರದವನು ಅತ್ತ ಹೋದ.

ನಾದಿನಿಯ ಸರದಿ ಬಂತು. ಬಗ್ಗಿದಳು, ಬಹಳ ಹೊತ್ತು ಬಗ್ಗೇ ಇದ್ದಳು. ಆಮೇಲೆ ಎದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಆಹಾಹಾ! ಏನ್ ಚಂದ ರೀ! ಎತ್ತಿ ಬೆರಳಿಗೆ ಹಾಕ್ಕೋಬೇಕು ಅನ್ಸುತ್ತೆ."

ಅವಳ ಹಿಂದೆ ಹತ್ತು ಹನ್ನೆರಡು ಜನ ನೋಡಿದರು. ಒಬ್ಬೊಬ್ಬರೂ ಏನಾದರೊಂದು ಹೇಳಿದರು. ಬಾಡಿಗೆ ಗಾಡಿ ಓಡಿಸುವವನು "ಸೂಪರ್" ಎಂದ. ಅವನ ಹೆಂಡತಿ ಉಂಗುರ ಹಸಿರಾಗಿದೆ ಎಂದಳು. ದಪ್ಪ ಮೀಸೆಯವನೊಬ್ಬ "ಒಂದಲ್ಲ, ಎರಡು ಉಂಗುರ ಇದೆ" ಎಂದು ಜಂಬದಿಂದ ಸರಿದು ನಿಂತ. ಕಾಜಕ್ಕ ಸಾಲಿನಲ್ಲಿ ಕಿವಿಗೊಟ್ಟು ಕೇಳುತ್ತಿದ್ದಳು. ಕಂಕುಳಲ್ಲಿ ಬಿಗಿಯಾದ ಕೋಟನ್ನು ತೊಟ್ಟು "ಇಲ್ಲ ಇಲ್ಲ, ಸರಿಯಾಗಿದೆ" ಎನ್ನುವ ಗಿರಾಕಿಯ ದನಿ ಅವಳಿಗೆ ಗೊತ್ತು. ಇವರ ದನಿಯಲ್ಲೂ ಅದೇ ಬಿಗಿ ಇದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಅವಳ ಸರದಿಯೇ ಬಂದಿತು.

ಕೈ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಕಪ್ಪು.

ಕಣ್ಣು ಮುಚ್ಚಿ ತೆರೆದಳು. ಕಪ್ಪು. ಎಡಗಣ್ಣು ಇಟ್ಟಳು. ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ಬರೀ ಕಪ್ಪು.

"ಕಾಣಿಸ್ತಾ ಅಮ್ಮಾ?" ಎಂದು ಹಿಂದಿನವರು ಕೇಳಿದರು.

"ಹೂಂ" ಎಂದಳು. "ಕಾಣಿಸ್ತು."

ನಡೆದು ಹೋಗಿ ಕಲ್ಲು ಬೆಂಚಿನ ಮೇಲೆ ಕೂತಳು. ಚೀಲದೊಳಗೆ ಕೈ ಹಾಕಿ ಹಿತ್ತಾಳೆ ಚಿಪ್ಪನ್ನು ಬೆರಳಿಗೆ ಏರಿಸಿದಳು, ತೆಗೆದಳು, ಮತ್ತೆ ಏರಿಸಿದಳು. ಮುಗಿಯಿತು ಎಂದುಕೊಂಡಳು. ಇಷ್ಟು ಜನಕ್ಕೆ ಕಂಡದ್ದು ನನಗೊಬ್ಬಳಿಗೆ ಕಾಣಲಿಲ್ಲ. ನಾದಿನಿ ಬಂದು ಪಕ್ಕದಲ್ಲಿ ಕೂತು, ಶನಿ ಎಷ್ಟು ದೂರ, ಎಷ್ಟು ತಣ್ಣಗೆ ಎಂದು ವರ್ಣಿಸತೊಡಗಿದಳು. ಕಾಜಕ್ಕನ ಕಿವಿಗೆ ಒಂದು ಮಾತೂ ಇಳಿಯಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಗೋಡೆಗೆ ಬೆರಳು ತಾಗಿಸಿಕೊಂಡು ಸಾಗುವ ತಾಯಿ. ಕಂಡಿತು, ಕಂಡಿತು ಎನ್ನುತ್ತಲೇ ಎರಡು ವರ್ಷ ಕಳೆದವಳು. ಈಗ ತಾನು "ಹೂಂ" ಎಂದದ್ದೂ ಅದೇ ದನಿಯಲ್ಲವೇ?

ಅವಳು ದಡಕ್ಕನೆ ಎದ್ದು ಗಡಿಯಾರದವನ ಹತ್ತಿರ ಹೋದಳು. ಪರಿಚಯವಿಲ್ಲದವನ ಮುಂದೆ ಹೇಳುವುದು ಸುಲಭ.

"ಅಪ್ಪಾ, ಆಗ ಸುಳ್ಳು ಹೇಳಿದೆ. ನನಗೆ ಏನೂ ಕಾಣಿಸ್ಲಿಲ್ಲ. ಎರಡೂ ಕಣ್ಣಿಟ್ಟು ನೋಡಿದೆ, ಕಪ್ಪೋ ಕಪ್ಪು. ನಿನಗೆ ಕಣ್ಣಿನ ವಿಷಯ ಗೊತ್ತಿರಬೇಕು. ಎಲ್ಲರಿಗೂ ಕಂಡು ನನಗೊಬ್ಬಳಿಗೆ ಕಾಣ್ದೆ ಇದ್ರೆ ಅದು ಎಂಥ ಕಾಯಿಲೆ?"

"ನೋಡೋಣ ಬನ್ನಿ" ಎಂದು ಅವನು ದುರ್ಬೀನಿನ ಹತ್ತಿರ ಬಂದು ಬಗ್ಗಿದ. ಬಗ್ಗಿದವನು ಹಾಗೇ ಇದ್ದ. ಎದ್ದು ಕೊಳವೆಯನ್ನು ನೋಡಿದ, ಆಕಾಶವನ್ನು ನೋಡಿದ.

"ಇದು ಪಕ್ಕದ ಮನೆ ತಾರಸಿ ನೀರಿನ ತೊಟ್ಟಿ ಕಡೆ ತಿರುಗಿದೆಯಲ್ರೀ! ಯಾರು ಎಳೆದದ್ದು ಇದನ್ನ?"

ಅವನು ಸಾಲಿನ ಕಡೆ ತಿರುಗಿದ.

"ಹಾಗಾದ್ರೆ ಇಷ್ಟು ಹೊತ್ತು ನೀವೆಲ್ಲ ನೋಡಿದ್ದೇನು?"

ಕತ್ತಲೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಬಾಡಿಗೆ ಗಾಡಿಯವನು ಮೆಲ್ಲಗೆ ಹೇಳಿದ: "ಸಾರ್, ನನಗೂ ಏನೂ ಕಾಣಿಸ್ಲಿಲ್ಲ. ಮುಂದಿನವರು ಚಂದ ಅಂದ್ರಲ್ಲ, ಅದಕ್ಕೆ ಸೂಪರ್ ಅಂದೆ." ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. "ನೀನು ಸೂಪರ್ ಅಂದಿದ್ದಕ್ಕೆ ನಾನು ಹಸಿರು ಅಂದೆ ಕಣೋ!" ಒಬ್ಬರು ನಕ್ಕರು, ಇಬ್ಬರು ನಕ್ಕರು, ಇಡೀ ಹುಲ್ಲುಹಾಸು ನಗತೊಡಗಿತು. "ಎರಡು ಉಂಗುರ ಕಂಡೋರು ಎಲ್ರಪ್ಪಾ?" ಎಂದು ಹುಡುಕಿದರೆ ಮೀಸೆಯವನು ಗೇಟು ದಾಟಿ ಹೋಗಿದ್ದ.

ಕಾಜಕ್ಕ ನಾದಿನಿಯ ಕಡೆ ತಿರುಗಿದಳು. "ನೀನು ಬಗ್ಗಿದಾಗ ಕೈ ಎಲ್ಲಿತ್ತು?"

"ಕೈ... ಹೀಗೆ" ಎಂದು ನಾದಿನಿ ಎರಡೂ ಕೈಯಲ್ಲಿ ಗಾಳಿಯನ್ನು ಬಿಂದಿಗೆಯ ಹಾಗೆ ತಬ್ಬಿ ತೋರಿಸಿದಳು. "ಕಣ್ಣಿಗೆ ಎಟುಕ್ತಿರಲಿಲ್ಲ ಅತ್ತಿಗೆ, ಸ್ವಲ್ಪ ಹತ್ತಿರಕ್ಕೆ ಎಳ್ಕೊಂಡೆ."

"ಎಳ್ಕೊಂಡ ಮೇಲೆ ಏನು ಕಾಣಿಸ್ತು?"

"ಹೋಗ್ಲಿ ಬಿಡು ಈಗ" ಎಂದು ನಾದಿನಿ ಮುಖ ಮುಚ್ಚಿಕೊಂಡಳು.

ಗಡಿಯಾರದವನು ಕೊಳವೆಯನ್ನು ತಿರುಗಿಸಿ, ಹುಡುಕಿ, ನಿಲ್ಲಿಸಿದ. "ಅಮ್ಮ ಮೊದಲು ನೋಡ್ಲಿ. ಮೊದಲು ಸತ್ಯ ಹೇಳಿದವರು ಇವರೇ."

ಕಾಜಕ್ಕ ಬಗ್ಗಿದಳು. ಕಪ್ಪಿನ ನಡುವೆ ಒಂದು ಪುಟ್ಟ ಮಣಿ, ಅದರ ಸುತ್ತ ಓರೆಯಾಗಿ ಒಂದು ಉಂಗುರ. ಮಣಿಗೂ ಉಂಗುರಕ್ಕೂ ನಡುವೆ ಕೂದಲೆಳೆಯ ಕಪ್ಪು ಸಂದು. ಅಂಚು ಎಷ್ಟು ಚೂಪಾಗಿತ್ತೆಂದರೆ ಒಳ್ಳೆಯ ಕೈಯ ಯಾರೋ ದಾರ ಎಳೆದು ಬಿಗಿದು ಕಾಜ ಹೊಲಿದ ಹಾಗಿತ್ತು.

"ಏನು ಬಣ್ಣ ಕಾಣ್ತಿದೆ ಹೇಳಿ?" ಎಂದ ಅವನು.

"ಹಸಿರಂತೂ ಅಲ್ಲ. ಕೋಟು ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಹಾಕೋ ಗಂಜಿಬಟ್ಟೆ ಇರುತ್ತಲ್ಲ, ಒಗೆಯದೇ ಇರೋದು, ಆ ಮಾಸಲು ಕೆನೆ ಬಣ್ಣ. ಎಡಗಡೆ ಸೂಜಿಮೊನೆಯಷ್ಟು ಒಂದು ಚುಕ್ಕಿ ಇದೆ. ಅದೂ ಇದರದ್ದೇನಾ?"

ಗಡಿಯಾರದವನು ಅವಳನ್ನು ಸರಿಸಿ ತಾನು ನೋಡಿದ. "ಅದು ಶನಿಯ ಚಂದ್ರ. ನಾನು ಹೇಳದೇ ಅದನ್ನ ಕಂಡೋರು ಕಡಿಮೆ. ನಿಮ್ಮ ಕಣ್ಣಿಗೆ ಏನಾಗಿದೆ ಅಂತ ಬಂದ್ರಿ ನೀವು?"

ಕಾಜಕ್ಕ ನಗಲೋ ಅಳಲೋ ತಿಳಿಯದೆ ಕರವಸ್ತ್ರಕ್ಕೆಂದು ಚೀಲದೊಳಗೆ ಕೈ ಹಾಕಿದಳು. ಅದರ ಜೊತೆ ದಾರದ ರೀಲುಗಳೂ ಹೊರಬಂದು ಹುಲ್ಲಿನ ಮೇಲೆ ಉರುಳಿದವು: ಕಪ್ಪು, ಕಡುನೀಲಿ, ಮತ್ತೊಂದು ಕೆಂಪು. ಗಡಿಯಾರದವನು ಕೆಂಪು ಟಾರ್ಚು ಹಿಡಿದ. ಆ ಬೆಳಕಿನಲ್ಲಿ ಎರಡು ರೀಲು ಕಪ್ಪಗೆ, ಒಂದು ಬೆಳ್ಳಗೆ ಕಂಡವು. ಬೆಳ್ಳಗೆ! ತಾನು ಬಿಳಿ ದಾರ ತಂದೇ ಇರಲಿಲ್ಲ. ಈಗಷ್ಟೇ ಇಳಿದ ಭಯ ಮತ್ತೆ ಎದೆಗೆ ಏರಿತು.

"ನೋಡು, ಇದೇ ನನ್ನ ಕಾಯಿಲೆ. ಇದು ಕೆಂಪು ದಾರ, ನನಗೆ ಬಿಳಿ ಕಾಣ್ತಿದೆ. ಇದರಲ್ಲೊಂದು ನೀಲಿ, ಅದು ಕಪ್ಪು ಕಾಣ್ತಿದೆ."

"ನನಗೂ ಹಾಗೇ ಕಾಣ್ತಿದೆ" ಎಂದ ಅವನು. ನಾದಿನಿ ಬಗ್ಗಿ ನೋಡಿ "ನನಗೂ. ಇದು ಸತ್ಯ ಕಣೇ, ಆಣೆ ಮಾಡ್ತೀನಿ" ಎಂದಳು.

"ಅಮ್ಮಾ, ಬೆಳಕಲ್ಲಿ ಇಲ್ಲದ ಬಣ್ಣ ದಾರಕ್ಕೆ ಎಲ್ಲಿಂದ ಬರುತ್ತೆ?" ಎಂದ ಗಡಿಯಾರದವನು. "ಕೆಂಪು ದೀಪದಲ್ಲಿ ನೀಲಿ ಸತ್ತುಹೋಗುತ್ತೆ. ಹಳದಿ ದೀಪದಲ್ಲಿ ಅರ್ಧ ಸಾಯುತ್ತೆ. ನೀವು ಕೆಲಸ ಮಾಡೋ ಕಡೆ ಎಂಥ ದೀಪ?"

ಕಾಜಕ್ಕನಿಗೆ ಮೂವತ್ತೊಂದು ವರ್ಷದ ಹಿಂದಿನ ಮೊದಲ ದಿನ ನೆನಪಾಯಿತು. ದೊಡ್ಡ ಯಜಮಾನ ಮೊದಲು ಕಲಿಸಿದ್ದು ಸೂಜಿ ಹಿಡಿಯುವುದನ್ನಲ್ಲ. ರೀಲನ್ನೂ ಬಟ್ಟೆಯ ತುಂಡನ್ನೂ ಹಿಡಿದು ಬಾಗಿಲಿಗೆ ಹೋಗುವುದನ್ನು. "ದಾರ ಆರಿಸೋದು ಹಗಲ ಬೆಳಕಲ್ಲಿ. ಹೊಲಿಯೋದು ಎಲ್ಲಿ ಬೇಕಾದ್ರೂ ಕೂತು ಹೊಲಿ" ಎಂದಿದ್ದ. ಮೂವತ್ತು ವರ್ಷ ಅವಳು ದಿನಕ್ಕೆ ಹತ್ತು ಸಲ ಎದ್ದು ಬಾಗಿಲಿಗೆ ಹೋಗಿದ್ದಳು. ಅದು ಎಷ್ಟು ರೂಢಿಯಾಗಿತ್ತೆಂದರೆ, ಗಾಜಿನ ಕಪಾಟು ಬಂದು ದಾರಿ ಸುತ್ತಾದ ಮೇಲೆ, ಆ ಹತ್ತು ಹೆಜ್ಜೆ ತಪ್ಪಿಹೋದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಕೂತಲ್ಲೇ, ಜೇನುಬಣ್ಣದ ದೀಪದಲ್ಲಿ, ದಾರ ಆರಿಸತೊಡಗಿದ್ದಳು. ಗಿರಾಕಿಗಳೂ ಆ ದೀಪದಲ್ಲಿ ನೋಡಿ ಒಪ್ಪಿದ್ದರು, ಬೀದಿಗೆ ಇಳಿದ ಮೇಲೆ ಕಂಡುಹಿಡಿದಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ನಾದಿನಿಗೆ ಎಲ್ಲವನ್ನೂ ಹೇಳಿದಳು: ಕೋಟು, ಇಸ್ತ್ರಿ ಮೇಜು, ತಾಯಿ, ಚೀಲದೊಳಗಿನ ಕತ್ತರಿ. ನಾದಿನಿ ಯಾವತ್ತೂ ಇಲ್ಲದ ಹಾಗೆ ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಮೂಗು ಸೀಟಿ, "ಎರಡು ತಿಂಗಳು ಒಂದೇ ಒಲೆ ಮುಂದೆ ಕೂತು ನನ್ನ ಹತ್ರ ಬಚ್ಚಿಟ್ಟೆಯಲ್ಲೇ ಅತ್ತಿಗೆ. ದೀಪ ಸರಿ ಇಲ್ಲ ಅಂತ ಒಂದು ಮಾತು ಅನ್ನಬಾರದಾಗಿತ್ತಾ?" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತಾರೆ ಅಂತ..."

"ಒಂದೊಂದು ಸಲ ನೆಲವೂ ಡೊಂಕಿರುತ್ತೆ ಕಣೇ!"

ಭಾನುವಾರ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಕಾಜಕ್ಕ ರೀಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಕು ನಿಧಾನವಾಗಿ ಬಂತು. ಮೊದಲು ಎರಡೂ ಒಂದೇ. ಆಮೇಲೆ ಎಡಗೈಯದು ಒಂದು ಚೂರು ಬೇರೆ. ಎದುರು ಮನೆಯ ಗೋಡೆಗೆ ಬಿಸಿಲು ಬಿದ್ದ ಹೊತ್ತಿಗೆ ಅದು ನೀಲಿ, ಅಪ್ಪಟ ನೀಲಿ. ಕುರುಡಿಯೂ ಹೇಳಬಹುದಾದಷ್ಟು ನೀಲಿ ಎಂದುಕೊಂಡು, ತಾನು ಅಂದುಕೊಂಡದ್ದಕ್ಕೆ ತಾನೇ ನಕ್ಕಳು.

ಸೋಮವಾರ ಯಜಮಾನ ಬರುತ್ತಲೇ ಅವಳು ಎರಡು ರೀಲನ್ನೂ ಅವನ ಮೇಜಿನ ಮೇಲೆ, ದೀಪದ ಕೆಳಗೆ, ಇಟ್ಟಳು. "ಇದರಲ್ಲಿ ನೀಲಿ ಯಾವುದು ಹೇಳಪ್ಪ."

ಅವನು ನೋಡಿದ, ಕಣ್ಣು ಕಿರಿದು ಮಾಡಿದ, ಒಂದನ್ನು ಎತ್ತಿಕೊಟ್ಟ. ಕಾಜಕ್ಕ ಅವನನ್ನು ಬೊಂಬೆಗಳ ಕಪಾಟು ಸುತ್ತಿಸಿ, ಬೀದಿಗೆ ಕರೆದುಕೊಂಡು ಹೋದಳು. ಅವನ ಕೈಯಲ್ಲಿದ್ದದ್ದು ಅಪ್ಪಟ ಕಪ್ಪು.

"ಅಯ್ಯೋ" ಎಂದ ಯಜಮಾನ. ಕತ್ತರಿಸುವ ಮೇಸ್ತ್ರಿ ಒಳಗಿಂದ ಕೂಗಿದ: "ಯಜಮಾನ್ರೇ, ಹಾಗಿದ್ರೆ ಇಸ್ತ್ರಿ ಮೇಜಿಗೆ ಈಗ ನೀವು ಬರ್ತೀರಾ?" ಯಜಮಾನನೂ ನಕ್ಕ. ನಕ್ಕ ಮೇಲೆ ತಲೆ ತಗ್ಗಿಸಿ ಹೇಳಿದ: "ಅಪ್ಪ ಇದನ್ನ ನನಗೂ ಹೇಳಿದ್ರು, ಕಾಜಕ್ಕ. ನಾನು ಮರೆತುಬಿಟ್ಟೆ."

"ನಾನೂ ಮರೆತಿದ್ದೆ ಬಿಡು" ಎಂದಳು ಅವಳು.

ಮಧ್ಯಾಹ್ನದೊಳಗೆ ಅವಳ ಮೂಲೆಗೆ ಒಂದು ಬಿಳಿ ದೀಪ ಬಂತು, ಕಪಾಟು ಗೋಡೆಯ ಕಡೆಗೆ ಎರಡು ಮೊಳ ಸರಿಯಿತು. ವಾಪಸ್ಸು ಬಂದಿದ್ದ ಮೂರನೆಯ ಕೋಟಿನ ಕಪ್ಪು ದಾರವನ್ನು ಕಾಜಕ್ಕ ಒಂದೊಂದೇ ಎಳೆ ಬಿಚ್ಚಿ ತೆಗೆದಳು.

ಆ ವಾರದಲ್ಲೇ ಅವಳು ಕಣ್ಣಿನ ಡಾಕ್ಟರ ಬೋರ್ಡಿನ ಕೆಳಗೆ ಬಾಗಿಲು ತಳ್ಳಿ ಒಳಗೂ ಹೋದಳು. ಭಯ ಹೋದ ಮೇಲೆ ಹೋಗುವುದು ಏನೂ ಕಷ್ಟವಾಗಲಿಲ್ಲ. ಎಡಗಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಇನ್ನೂ ವರ್ಷಗಟ್ಟಲೆ ತೊಂದರೆಯಿಲ್ಲ, ಬಲಿತರೆ ತೆಗೆಯಬಹುದು ಎಂದರು ಡಾಕ್ಟರು. ಅವಳು ತಾಯಿಯ ವಿಷಯ ಹೇಳಿದಳು. "ತಾಯಿಗೂ ಇದೇ ಆಗಿರಬಹುದು. ಬೇಗ ತೋರಿಸಿದ್ದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಕಾಜಕ್ಕ ತಲೆಯಾಡಿಸಿದಳು. ಹೊರಗೆ ಬಂದು, ಗೋಡೆಗೆ ಬೆರಳು ತಾಗಿಸಿಕೊಂಡು ನಡೆದ ಆ ಹೆಂಗಸನ್ನು ನೆನೆದು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. "ಕಾಣಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತೇನಮ್ಮಾ" ಎಂದಳು, ಯಾರಿಗೂ ಕೇಳದ ಹಾಗೆ.

ಮುಂದಿನ ತಿಂಗಳು ಪಾರ್ಕಿನಲ್ಲಿ ಮತ್ತೆ ದುರ್ಬೀನು ಇಟ್ಟಾಗ ಅತ್ತಿಗೆ ನಾದಿನಿ ಇಬ್ಬರೂ ಹೋದರು. ಸಾಲಿನಲ್ಲಿ ನಾದಿನಿಯ ಹಿಂದೆಯೇ ನಿಂತು ಕಾಜಕ್ಕ ಅವಳ ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕತ್ತರಿ ಅಂಗಡಿಯಲ್ಲಿ, ತನ್ನ ಮೊಳೆಯ ಮೇಲಿತ್ತು.